ಮಳೆಗಾಲ ಕಾಣದ ಮೀನು

ಮೀನಿಗೆ ಕಿವಿ ಎಲ್ಲಿದೆ ಎಂದು ಕೇಳಿದರೆ ದಿನಾ ಮೀನು ತಿನ್ನುವವರಲ್ಲೇ ಅರ್ಧ ಜನ ಕಿವಿರು ತೋರಿಸುತ್ತಾರೆ. ಅದು ಉಸಿರಾಡುವ ಜಾಗ. ಕಿವಿ ಇರುವುದು ತಲೆಬುರುಡೆಯ ಒಳಗೆ, ಮಿದುಳಿನ ಪಕ್ಕದಲ್ಲಿ. ಹೊರಗೆ ಅದಕ್ಕೊಂದು ತೂತೂ ಇಲ್ಲ. ಆ ಕಿವಿಯೊಳಗೆ ಸುಣ್ಣದ ಒಂದು ಕಲ್ಲಿರುತ್ತದೆ. ಕಲ್ಲೂರು ಎಂಬ ಮೀನಿನಲ್ಲಂತೂ ಅದು ಹುಣಸೆ ಬೀಜದಷ್ಟು ದೊಡ್ಡದು. ಮೀನು ಬದುಕಿರುವಷ್ಟು ಕಾಲ ಕಲ್ಲು ದಿನಕ್ಕೊಂದು ತೆಳು ಪದರ ಹೊದ್ದುಕೊಂಡು ಬೆಳೆಯುತ್ತದೆ. ಅವತ್ತಿನ ನೀರಿನಲ್ಲಿ ಏನು ಕರಗಿತ್ತೋ ಅದರ ಒಂದು ಚೂರು ಅವತ್ತಿನ ಪದರದಲ್ಲಿ ಉಳಿಯುತ್ತದೆ. ಮೀನು ಸತ್ತು ಮುಳ್ಳೆಲ್ಲ ಮಣ್ಣಾದ ಮೇಲೂ ಕಲ್ಲು ಕೆಸರಿನಲ್ಲಿ ಸಾವಿರಾರು ವರ್ಷ ಹಾಗೇ ಬಿದ್ದಿರುತ್ತದೆ.

ಇಷ್ಟನ್ನೂ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲ ದಯಾಕರ ಮೊಗವೀರನಿಗೆ ಆ ದಿನ ಬೆಳಿಗ್ಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ತೊರೆಕೋಡಿ ಎಂಬ ಊರಿನ ನೆಲದಡಿಯಿಂದ ಕೊಳವೆ ಇಳಿಸಿ ತೆಗೆದ, ಐದು ಸಾವಿರ ವರ್ಷ ಹಳೆಯ ಕಿವಿಗಲ್ಲೊಂದು ಅವನೆದುರಿನ ಯಂತ್ರದಲ್ಲಿತ್ತು. ತನ್ನ ಮೀನು ಬದುಕಿದ್ದು ಸಿಹಿನೀರಿನಲ್ಲಿ ಎಂದು ಅದು ಹೇಳುತ್ತಿತ್ತು. ಅದೇ ಕೆಸರಿನಲ್ಲಿ, ಕಲ್ಲಿಗೆ ಅಂಟಿಕೊಂಡೇ ಸಿಕ್ಕಿದ ಚಿಪ್ಪು ಮಾತ್ರ ಉಪ್ಪು ಬೆರೆತ ನೀರು ಬಿಟ್ಟರೆ ಬೇರೆಲ್ಲೂ ಬದುಕದ ಜಾತಿಯದ್ದು. ಒಂದೇ ಮನೆಯಲ್ಲಿ ಇದ್ದವರು ಒಬ್ಬರು ಊರಿಗೆ ನೆರೆ ಬಂದಿತ್ತು ಎಂದೂ ಇನ್ನೊಬ್ಬರು ಬಾವಿ ಬತ್ತಿತ್ತು ಎಂದೂ ಸಾಕ್ಷಿ ಹೇಳಿದ ಹಾಗಾಯಿತು ಇದು.

ದಯಾಕರ ಕೆಲಸ ಮಾಡುತ್ತಿದ್ದದ್ದು ಕುಂದಾಪುರದ ಹಿಂದಿನ ಗುಡ್ಡದ ಮೇಲೆ ಹೊಸದಾಗಿ ಎದ್ದ ಹಳೆದಂಡೆ ಪ್ರಯೋಗಾಲಯದಲ್ಲಿ. ಅಲ್ಲಿದ್ದ ಯಂತ್ರಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರಿತ್ತು, ಬಾಯಲ್ಲಿ ಎಲ್ಲರೂ ಕಲ್ಲೋದುಗ ಎನ್ನುತ್ತಿದ್ದರು. ಕಲ್ಲನ್ನು ಕೊಯ್ದು ಹಲಗೆಯ ಮೇಲಿಟ್ಟರೆ ಬೆಳಕಿನ ಸೂಜಿಯೊಂದು ಪದರಪದರವಾಗಿ ಅದನ್ನು ಸುಟ್ಟು, ಹೊಗೆಯಲ್ಲಿ ಸ್ಟ್ರಾನ್ಷಿಯಂ ಎಷ್ಟಿದೆ ಎಂದು ಎಣಿಸುತ್ತಿತ್ತು. ಕಡಲಿನಲ್ಲಿ ಆ ಲೋಹ ಜಾಸ್ತಿ, ಹೊಳೆಯಲ್ಲಿ ಕಡಿಮೆ. ಎರಡೂ ಬೆರೆಯುವ ಅಳಿವೆಯಲ್ಲಿ ನಡುವಿನದು. ನೂರಾರು ಕಲ್ಲು ಓದಿಸಿದರೆ ಎಲ್ಲಿ ಕಡಲಿತ್ತು, ಎಲ್ಲಿ ಹೊಳೆಯಿತ್ತು, ಎಲ್ಲಿ ಅಳಿವೆ ಬಾಯಿ ತೆರೆದಿತ್ತು ಎಂಬ ನಕ್ಷೆಯನ್ನು ಯಂತ್ರವೇ ಬಿಡಿಸಿ ಕೊಡುತ್ತಿತ್ತು.

ಸಮುದ್ರ ಏರುತ್ತಿದ್ದ ಆ ಕಾಲದಲ್ಲಿ ಇಂಥ ನಕ್ಷೆಗೆ ಬಹಳ ಬೆಲೆಯಿತ್ತು. ಕೆಂಜಿಹೊಳೆಯ ನೀರು ಮಳೆಗಾಲದಲ್ಲಿ ಕಡಲಿಗೆ ಹೋಗಲಾರದೆ ಹಿಂದಕ್ಕೆ ತಿರುಗಿ ಊರಿಗೆ ನುಗ್ಗುತ್ತಿತ್ತು. ಹೊಳೆಗೆ ಹೊಸ ಬಾಯಿ ಕಡಿದುಕೊಡಬೇಕೆಂದು ಸರ್ಕಾರ ತೀರ್ಮಾನಿಸಿತ್ತು. ಎಲ್ಲಿ ಕಡಿಯುವುದು? ಹಳೆಯ ಅಳಿವೆ ಇದ್ದಲ್ಲೇ ಕಡಿಯಬೇಕು, ಏಕೆಂದರೆ ಅಲ್ಲಿ ಮೇಲೆ ಮರಳಿದ್ದರೂ ಅಡಿಯಲ್ಲಿ ಮೆತ್ತಗಿನ ಕೆಸರು. ದೊಡ್ಡ ನೆರೆ ಬಂದಾಗ ನೀರು ಮೊದಲು ಕೊರೆಯುವುದು ಆ ಕೆಸರನ್ನೇ. ಬೇರೆ ಕಡೆ ಕಡಿದು, ಹಳೆಯ ಬಾಯಿಯ ಮೇಲೆ ಜನ ಮಲಗಿದ್ದರೆ ಮನೆಗಳ ಸಮೇತ ನೆಲವೇ ಕುಸಿದು ಕಡಲಿಗೆ ಹೋದೀತು.

ಆ ಜನ ದಯಾಕರನ ಜನ. ಹೊಳೆ ಮತ್ತು ಕಡಲಿನ ನಡುವೆ ನಾಲಗೆ ಚಾಚಿದಂತಿದ್ದ ಮರಳುದಿಬ್ಬವೇ ತೊರೆಕೋಡಿ. ಅವನು ಹುಟ್ಟಿದ್ದೂ ಅಲ್ಲಿ, ತಾಯಿ ತೀರಿಕೊಂಡ ಮೇಲೆ ಲಚ್ಚು ದೊಡ್ಡಮ್ಮನ ಕೈಯಲ್ಲಿ ಬೆಳೆದದ್ದೂ ಅಲ್ಲಿ. ಕಲ್ಲೋದುಗ ಕೊಟ್ಟ ನಕ್ಷೆಯ ಪ್ರಕಾರ ತೊರೆಕೋಡಿಯ ಅಡಿಯಲ್ಲಿ ಅಳಿವೆ ಇರಲೇ ಇಲ್ಲ. ಗಟ್ಟಿ ದಿಬ್ಬದ ಹಿಂದೆ ಒಂದು ಸಿಹಿನೀರಿನ ಕೆರೆಯಿತ್ತು ಅಷ್ಟೇ. ಹಳೆಯ ಬಾಯಿ ಇದ್ದದ್ದು ದಕ್ಷಿಣಕ್ಕೆ, ಯಾರೂ ವಾಸವಿಲ್ಲದ ಗಾಳಿಮರದ ತೋಪಿನಲ್ಲಿ. ಅಲ್ಲಿ ಕಡಿಯಲು ಯಂತ್ರಗಳು ಬಂದು ನಿಂತೂ ಆಗಿತ್ತು. ಎಲ್ಲರಿಗೂ ಸಂತೋಷವಾಗಿದ್ದ ಆ ನಕ್ಷೆಯ ಮೇಲೆ ಈಗ ಈ ಒಂದು ಚಿಪ್ಪು ಬಂದು ಕೂತಿತ್ತು.

ಪ್ರಯೋಗಾಲಯದ ಮುಖ್ಯಸ್ಥೆ ಅನ್ನಪೂರ್ಣಾ ಗಾಣಿಗೇರ ಗದಗಿನ ಕಡೆಯವರು. ಮೀನು ಮುಟ್ಟದ ಮನೆತನದವರು ಮೀನಿನ ಕಿವಿಯನ್ನೇ ಹೊಟ್ಟೆಪಾಡು ಮಾಡಿಕೊಂಡದ್ದಕ್ಕೆ ಅವರೇ ನಗುತ್ತಿದ್ದರು. ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿ ಅವರು ಕೆಳಗಿಟ್ಟರು.

"ಕಲ್ಲು ಒಂದ ಹೇಳತೈತಿ, ಚಿಪ್ಪ ಒಂದ ಹೇಳತೈತಿ. ನೀವು ಯಾರನ್ನ ನಂಬತೀರಿ ದಯಾಕರ?"

ಕಾಗೆಯೋ ಹದ್ದೋ ಚಿಪ್ಪನ್ನು ಕಡಲಿಂದ ತಂದು ಕೆರೆಗೆ ಹಾಕಿರಬಹುದು ಎಂದ. ಮರುದಿನ ಅದೇ ಕೆಸರಿನಲ್ಲಿ ಚಿಪ್ಪುಗಳ ಒಂದು ಹಾಸೇ ಸಿಕ್ಕಿತು. ಅಷ್ಟನ್ನೂ ಹೊತ್ತು ತರಬೇಕಾದರೆ ಹದ್ದುಗಳು ಗುತ್ತಿಗೆ ಹಿಡಿದಿರಬೇಕು ಎಂದು ಅನ್ನಪೂರ್ಣಾ ಅವರೇ ಹಾಸ್ಯ ಮಾಡಿದರು. ಕೊಳವೆ ಇಳಿಸುವಾಗ ಮಣ್ಣಿನ ಪದರಗಳು ಕಲಸಿಹೋಗಿರಬಹುದು ಎಂದುಕೊಂಡು ಪಕ್ಕದಲ್ಲೇ ಇನ್ನೊಂದು ಕೊಳವೆ ಇಳಿಸಿದರು. ಅಲ್ಲೂ ಅದೇ ಕಥೆ. ಕಲ್ಲು ಸಿಹಿ, ಚಿಪ್ಪು ಉಪ್ಪು. ದಯಾಕರನಿಗೆ ಯಂತ್ರದ ಮೇಲೆ ಅನುಮಾನ ಬಂತು, ಆಮೇಲೆ ಚಿಪ್ಪಿನ ಮೇಲೆ, ಕೊನೆಗೆ ತಾನು ಇಷ್ಟು ವರ್ಷ ಓದಿದ ವಿದ್ಯೆಯ ಮೇಲೆ. ಊಟಕ್ಕೆ ಕೂತಾಗ ನೀರಿನ ಲೋಟವನ್ನೂ ಒಂದು ಕ್ಷಣ ಅನುಮಾನದಿಂದ ನೋಡಿದ.

ಶನಿವಾರ ತೊರೆಕೋಡಿಗೆ ಹೋದರೆ ಅಲ್ಲಿ ಹಬ್ಬದ ವಾತಾವರಣ. ವರ್ಷಕ್ಕೊಂದು ಸಾಲು ಕಲ್ಲು ಕಟ್ಟಿ ಮನೆಯ ಪಾಯ ಏರಿಸುತ್ತಲೇ ಬಂದಿದ್ದ ಜನ ಅದು. ಕೆಲವು ಮನೆಗಳಲ್ಲಿ ಪಾಯ ಏರಿ ಏರಿ ಬಾಗಿಲಿನಲ್ಲಿ ತಲೆ ಬಗ್ಗಿಸಿಯೇ ಹೋಗಬೇಕಾಗಿತ್ತು. ಬಾವಿಯ ನೀರು ಉಪ್ಪಾಗಿ, ಕುಡಿಯುವ ನೀರನ್ನು ದೋಣಿಯಲ್ಲಿ ತರುತ್ತಿದ್ದರು. ಇಷ್ಟಾದರೂ ಜಾಗ ಬಿಡುವ ಮಾತು ಅಲ್ಲಿ ಯಾರಿಗೂ ಸಹ್ಯವಾಗಿರಲಿಲ್ಲ. ಈಗ ಕಲ್ಲೇ ತಮ್ಮ ಪರ ಹೇಳಿದೆ ಎಂದು ಗೊತ್ತಾಗಿ ಎಲ್ಲರಿಗೂ ಉಸಿರು ಬಂದಿತ್ತು. ಭಜನಾ ಮಂದಿರದಲ್ಲಿ ದಯಾಕರನಿಗೆ ಶಾಲು ಹೊದೆಸುವ ಯೋಜನೆಯೂ ನಡೆದಿತ್ತು.

ಲಚ್ಚು ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಬುಟ್ಟಿ ಹೊತ್ತು ಮಾರುತ್ತಿದ್ದವಳು ಈಗ ಬ್ಯಾಟರಿ ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುತ್ತಾಳೆ. ಪೆಟ್ಟಿಗೆಯಾದರೂ ಅದನ್ನು ಬುಟ್ಟಿ ಎಂದೇ ಕರೆಯುತ್ತಾಳೆ. ಬಂಗುಡೆಯಿಂದ ಹಿಡಿದು ಅಂಜಲಿನವರೆಗೆ ಅವಳ ಬುಟ್ಟಿಯ ಪ್ರತಿ ಮೀನೂ ಈಗಷ್ಟೇ ಬಂದದ್ದು, ನಮ್ಮ ನೀರಿನದ್ದೇ. ಗಿರಾಕಿಗಳು ಅದನ್ನು ಕೇಳಿ ನಕ್ಕು, ಕಿವಿರು ಎತ್ತಿ ಬಣ್ಣ ನೋಡಿಯೇ ಕೊಳ್ಳುತ್ತಾರೆ. ಮನೆಯವರು ಮಾತ್ರ ಹಾಗೆ ಮಾಡುವಂತಿಲ್ಲ. ತಮ್ಮ ಮನೆಯ ಹೆಂಗಸಿನ ಬುಟ್ಟಿಯ ಮೀನಿನ ಕಿವಿರು ಎತ್ತಿ ನೋಡುವುದೆಂದರೆ ತೊರೆಕೋಡಿಯಲ್ಲಿ ಮುಖಕ್ಕೆ ಉಗಿದದ್ದಕ್ಕಿಂತ ದೊಡ್ಡ ಅವಮಾನ. ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳಬೇಕು.

ಆ ಮಧ್ಯಾಹ್ನ ಅವಳು ಗೋಡೆಗೆ ಹಸಿರು ಬಣ್ಣ ಬಳಿಸುತ್ತಿದ್ದಳು. ಪೈಂಟಿನವನಿಗೆ, ಇದು ನನ್ನ ಮಗ ಉಳಿಸಿಕೊಟ್ಟ ಮನೆ ಎಂದು ಹೇಳಿ ದಯಾಕರನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಅವನಿಗೆ ಚಿಪ್ಪಿನ ವಿಷಯ ಹೇಳಬೇಕೆನಿಸಿತು. ಏನೆಂದು ಹೇಳುವುದು? ತನಗೇ ಅರ್ಥವಾಗದ್ದನ್ನು ಹೇಳಿ ಅವಳ ಊಟ ಏಕೆ ಕೆಡಿಸಬೇಕು ಎಂದುಕೊಂಡು ತಟ್ಟೆ ಖಾಲಿ ಮಾಡಿ ಎದ್ದ.

ಸೋಮವಾರ ಯಂತ್ರವನ್ನೇ ಪರೀಕ್ಷಿಸೋಣವೆಂದು ಅವನು ಒರೆಮೀನಿನ ಕಲ್ಲು ತೆಗೆದ. ಅಕ್ಕಸಾಲಿಗೆ ಒರೆಗಲ್ಲು ಇದ್ದಂತೆ ಕಲ್ಲೋದುಗಕ್ಕೆ ಒರೆಮೀನು. ಲೋಹ ಇಷ್ಟಿದ್ದರೆ ನೀರು ಇಷ್ಟು ಉಪ್ಪು ಎಂದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ, ಮೊದಲು ಯಾರಾದರೂ ಕಲಿಸಬೇಕು. ಅದಕ್ಕಾಗಿ ಮಳೆ ನಿಂತ ಮೇಲಿನ ಕೆಲವು ತಿಂಗಳು ವಾರವಾರ ಕೆಂಜಿಹೊಳೆಯ ಅಳಿವೆಯಲ್ಲಿ ನೀರಿನ ಉಪ್ಪನ್ನು ಅಳೆದಿದ್ದರು, ಅದೇ ವಾರ ಅದೇ ಅಳಿವೆಯಲ್ಲಿ ಹಿಡಿದ ಕಲ್ಲೂರಿನ ಕಿವಿಗಲ್ಲಿನ ಅಂಚನ್ನು ಓದಿಸಿದ್ದರು. ಅಂಚೆಂದರೆ ಮೀನಿನ ಕೊನೆಯ ದಿನಗಳು. ಹೀಗೆ ಎರಡನ್ನೂ ಜೋಡಿಸಿ ಯಂತ್ರಕ್ಕೆ ಪಾಠ ಹೇಳಿಕೊಟ್ಟಿದ್ದರು. ಮೀನು ಕೊಳ್ಳುವ ಕೆಲಸ ಅನ್ನಪೂರ್ಣಾ ಅವರಿಂದ ಆಗದ್ದು. ದಯಾಕರನೇ ತರುತ್ತಿದ್ದ.

ಅಂಚನ್ನಷ್ಟೇ ಓದಿಸಿ ನಿಲ್ಲಿಸಬೇಕಾಗಿತ್ತು. ತಲೆಯಲ್ಲಿ ಚಿಪ್ಪು ಸುತ್ತುತ್ತಿದ್ದುದರಿಂದ ಸೂಜಿ ನಿಲ್ಲಿಸುವುದನ್ನು ಮರೆತು ಅವನು ಚಹಾ ಕುಡಿಯಲು ಹೋದ. ಬಂದು ನೋಡಿದರೆ ಸೂಜಿ ಅಂಚಿನಿಂದ ನಡುವಿನ ತನಕ, ಅಂದರೆ ಸಾವಿನಿಂದ ಹುಟ್ಟಿನ ತನಕ, ಮೀನಿನ ಇಡೀ ಆಯುಸ್ಸನ್ನು ಓದಿ ಮುಗಿಸಿತ್ತು. ಪರದೆಯ ಮೇಲೆ ಒಂದು ಗೆರೆ ಇತ್ತು. ಏರಿಳಿತವಿಲ್ಲದ, ನೆಟ್ಟಗಿನ ಗೆರೆ.

ದಯಾಕರ ಕುರ್ಚಿ ಎಳೆದುಕೊಂಡು ಕೂತ. ಅಳಿವೆಯ ಮೀನಿನ ಗೆರೆ ಹಾಗಿರಲು ಸಾಧ್ಯವಿಲ್ಲ. ಜೂನ್ ಬಂತೆಂದರೆ ಹೊಳೆ ಕೆಂಪಗಾಗಿ ಇಳಿದು ಅಳಿವೆಯನ್ನೆಲ್ಲ ಸಿಹಿ ಮಾಡುತ್ತದೆ. ಪ್ರತಿ ವರ್ಷ ಗೆರೆ ಒಮ್ಮೆ ಕೆಳಗೆ ಬೀಳಲೇಬೇಕು. ಈ ಮೀನಿಗೆ ನಾಲ್ಕು ವರ್ಷ ವಯಸ್ಸಾಗಿತ್ತು. ನಾಲ್ಕು ವರ್ಷದಲ್ಲಿ ಅದು ಒಂದೂ ಮಳೆಗಾಲ ಕಂಡಿರಲಿಲ್ಲ. ಹೊಳೆಯೇ ಇಲ್ಲದ ಯಾವುದೋ ಕಡಲಿನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಬಲೆಗೆ ಬಿದ್ದ ಮೀನು ಅದು. ಉಳಿದ ಒರೆಮೀನುಗಳ ಕಲ್ಲುಗಳನ್ನೂ ಒಂದೊಂದಾಗಿ ಹಲಗೆಯ ಮೇಲಿಟ್ಟ. ಎಲ್ಲವೂ ನೆಟ್ಟಗಿನ ಗೆರೆ ಎಳೆದವು.

ಈಗ ಗೋಜಲು ಬಿಡಿಸಿಕೊಂಡಿತು, ಬಿಡಿಸಿಕೊಂಡದ್ದೇ ತಪ್ಪಾಯಿತೇನೋ ಎನ್ನಿಸುವ ಹಾಗೆ. ಅಪ್ಪಟ ಕಡಲಿನ ಮೀನನ್ನು ತೋರಿಸಿ, ಇದು ಅರೆ ಉಪ್ಪಿನ ಅಳಿವೆಯದ್ದು ಎಂದು ಯಂತ್ರಕ್ಕೆ ಕಲಿಸಿದ್ದರು. ಅದು ಹೇಳಿದ್ದನ್ನು ನಂಬಿತ್ತು. ಆಮೇಲೆ ನಿಜವಾದ ಅಳಿವೆಯ ಕಲ್ಲು ಬಂದಾಗ, ಇದರಲ್ಲಿ ಲೋಹ ಇನ್ನೂ ಕಡಿಮೆ ಇದೆ, ಹಾಗಾದರೆ ಸಿಹಿನೀರು ಎಂದುಬಿಟ್ಟಿತ್ತು. ತೊರೆಕೋಡಿಯ ಅಡಿಯಲ್ಲಿ ಇದ್ದದ್ದು ಕೆರೆಯಲ್ಲ, ಹೊಳೆಯ ಹಳೆಯ ಬಾಯಿಯೇ ಇರಬೇಕು. ಗಾಳಿಮರದ ತೋಪಿನಲ್ಲಿ ಇದ್ದದ್ದು ಬರೀ ಕಡಲತೀರ. ಚಿಪ್ಪು ಸರಿಯಾಗಿಯೇ ಹೇಳಿತ್ತು, ಪಾಪ ಹಳೆಯ ಕಲ್ಲೂ ಸರಿಯಾಗಿಯೇ ಹೇಳಿತ್ತು.

ಒರೆಮೀನು ಅಷ್ಟನ್ನೂ ಅವನು ಕೊಂಡದ್ದು ಲಚ್ಚು ದೊಡ್ಡಮ್ಮನ ಬುಟ್ಟಿಯಿಂದ.

ಅವನು ತೊರೆಕೋಡಿ ಮುಟ್ಟಿದಾಗ ಅವಳು ವ್ಯಾಪಾರ ಮುಗಿಸಿ ಬಂದು ಸ್ಕೂಟರ್ ನಿಲ್ಲಿಸುತ್ತಿದ್ದಳು. ದಾರಿಯುದ್ದಕ್ಕೂ ಅವನು ಹೇಗೆ ಕೇಳುವುದೆಂದು ಮಾತು ಜೋಡಿಸಿಕೊಂಡಿದ್ದ. ಎದುರಿಗೆ ನಿಂತಾಗ ಅದನ್ನು ಬಿಟ್ಟು ಪೆಟ್ಟಿಗೆಯ ಮುಚ್ಚಳ ತೆಗೆದ. ಮಾರಾಟವಾಗದೆ ಉಳಿದ ಒಂದು ಕಲ್ಲೂರು ಐಸಿನ ಮೇಲಿತ್ತು. ಅವನು ಹೆಬ್ಬೆರಳಿನಿಂದ ಅದರ ಕಿವಿರು ಎತ್ತಿದ. ಒಳಗೆ ಕೆಂಪಿರಲಿಲ್ಲ. ಹಳೆಯ ಅಡಿಕೆಯ ಬಣ್ಣವಿತ್ತು.

ಲಚ್ಚು ದೊಡ್ಡಮ್ಮ ಅವನ ಕೈಯನ್ನೇ ನೋಡಿದಳು.

"ನಮ್ಮನಿಯರ್ ಯಾರೂ ಈ ಬುಟ್ಟಿಗ್ ಹೀಂಗ್ ಕೈ ಹಾಕ್ಲಿಲ್ಲ ಮಗಾ," ಎಂದಳು.

ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾವುದು ಹೆಚ್ಚು ಎಂದು ಹೇಳುವುದು ಕಷ್ಟ. ಈ ಮೀನು ಎಲ್ಲಿಯದ್ದು ಎಂದು ಕೇಳಿದ. ನಮ್ಮ ಅಳಿವೆಯದ್ದೇ ಎಂಬ ಉತ್ತರ, ಉಸಿರು ಬಂದಷ್ಟು ಸಲೀಸಾಗಿ ಬಂತು. ಅವನು ಜಗಲಿಯ ಮೇಲೆ ಕೂತು, ಅವಳನ್ನೂ ಕೂರಿಸಿಕೊಂಡು, ಎಲ್ಲವನ್ನೂ ಹೇಳಿದ. ಒರೆಮೀನಿನ ಕಥೆ, ಯಂತ್ರ ಕಲಿತ ತಪ್ಪು ಪಾಠ, ಕಾಲಡಿಯಲ್ಲಿರುವ ಕೆಸರು. ಮೀನು ನಿಜವಾಗಿ ಇಲ್ಲಿಯದ್ದೇ ಆದರೆ ಮನೆ ಉಳಿಯುತ್ತದೆ, ಬೇರೆ ಕಡೆಯದ್ದಾದರೆ ನಕ್ಷೆ ಸುಳ್ಳು. ಆಗ ದಕ್ಷಿಣದಲ್ಲಿ ಕಡಿದ ಬಾಯಿ ಪ್ರಯೋಜನಕ್ಕೆ ಬರುವುದಿಲ್ಲ, ದೊಡ್ಡ ನೆರೆಯ ದಿನ ಹೊಳೆ ಈ ಜಗಲಿಯ ಅಡಿಯಿಂದಲೇ ಕಡಲಿಗೆ ಹೋಗುತ್ತದೆ. ಗೆರೆ ನೋಡಿದವನಿಗೆ ಉತ್ತರ ಗೊತ್ತೇ ಇತ್ತು. ಆದರೂ ಅವಳು ಇನ್ನೊಮ್ಮೆ ಇಲ್ಲಿಯದ್ದೇ ಎಂದರೆ ನಂಬಿಬಿಡಲು ಅವನೊಳಗೆ ಯಾರೋ ಒಬ್ಬ ಸಿದ್ಧನಾಗಿ ಕೂತಿದ್ದ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಒಮಾನಿದ್ ಅದ್. ಎಲ್ಲವೂ ಒಮಾನಿದೇ. ಹಡಗಲ್ ಬತ್ತ್, ಐಸ್ ಹಾಕಿ." ಮತ್ತೆ ಹೇಳಿದಳು, "ಹೊಳಿಯಗೆ ಕಲ್ಲೂರ್ ಕಾಣ್ದೆ ಎಷ್ಟೋ ವರ್ಷ ಆಯ್ತ್. ನೀನ್ ಮೊದ್ಲ್ ದಿನ ನಿನ್ ಮೇಡಂನ ಕರ್ಕಂಡ್ ಬಂದಿ, ನಮ್ ಹೊಳಿಯಷ್ಟ್ ಮೀನ್ ಎಲ್ಲೂ ಇಲ್ಲ ಅಂದಿ. ಅವ್ರ್ ಎದ್ರಿಗ್ ನಿನ್ ಮರ್ಯಾದಿ ತೆಗುದ್ ಹ್ಯಾಂಗೆ?"

ದಯಾಕರನಿಗೆ ಆ ದಿನ ನೆನಪಾಯಿತು. ಹೌದು, ಹಾಗೇ ಅಂದಿದ್ದ. ಇಡೀ ಕರಾವಳಿಯ ಹಳೆಯ ನೀರನ್ನು ಓದುವ ಯಂತ್ರವನ್ನು ದಾರಿ ತಪ್ಪಿಸಿದ್ದು ಒಬ್ಬ ಮಗನ ಜಂಬ ಮತ್ತು ಒಬ್ಬ ದೊಡ್ಡಮ್ಮನ ಅಕ್ಕರೆ. ಇದನ್ನು ವರದಿಯಲ್ಲಿ ಯಾವ ಕಾಲಂನಲ್ಲಿ ಬರೆಯುವುದು ಎಂದು ಅವನಿಗೆ ತೋಚಲಿಲ್ಲ.

ಅನ್ನಪೂರ್ಣಾ ಅವರು ಎಲ್ಲ ಕೇಳಿ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ದಕ್ಷಿಣದ ಕೆಲಸ ನಿಲ್ಲಿಸಲು ಆಗಲೇ ಹೇಳಿ ಕಳಿಸಿದರು. ನಿಜವಾದ ಒರೆಮೀನು ಬೇಕು, ಕೆಂಜಿಹೊಳೆಯದ್ದೇ, ತನ್ನ ಕಣ್ಣೆದುರೇ ಹಿಡಿದದ್ದು ಎಂದರು. ಒಂದು ಮೀನು ಸಾಕು. ಒಂದರ ಆಯುಸ್ಸಿನಲ್ಲೇ ಬೇಸಿಗೆಯ ಉಪ್ಪೂ ಇರುತ್ತದೆ, ಮಳೆಗಾಲದ ಸಿಹಿಯೂ ಇರುತ್ತದೆ.

ತೊರೆಕೋಡಿಗೆ ವಿಷಯ ಹೇಳುವುದು ದಯಾಕರನ ಪಾಲಿನ ಕೆಲಸವಾಗಿತ್ತು. ಅವನು ಭಜನಾ ಮಂದಿರದಲ್ಲಿ ಎದ್ದು ನಿಲ್ಲುವ ಮೊದಲೇ ಲಚ್ಚು ದೊಡ್ಡಮ್ಮ ಎದ್ದು ನಿಂತಳು. ತನ್ನ ಬುಟ್ಟಿಯ ಮೀನು ಒಮಾನಿನದ್ದು ಎಂದು ಊರೆದುರು ಹೇಳಿದಳು. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು, ಏಕೆಂದರೆ ಅಲ್ಲಿದ್ದ ಯಾರ ಬುಟ್ಟಿಯಲ್ಲೂ ಬೇರೆ ಮೀನು ಇರಲಿಲ್ಲ, ಮತ್ತು ಅದನ್ನು ಬಾಯಿಬಿಟ್ಟು ಹೇಳಿದವರು ಇವಳೇ ಮೊದಲು. ನಕ್ಷೆ ತಪ್ಪೆಂಬ ಉಳಿದ ಮಾತನ್ನು ದಯಾಕರ ಹೇಳಿದಾಗ ಗಂಡಸರು ಮೊದಲು ಅವನ ಮೇಲೆ ರೇಗಿದರು. ಆಮೇಲೆ ಯಂತ್ರದ ಮೇಲೆ, ಸರ್ಕಾರದ ಮೇಲೆ. ದೋಣಿಯ ಯಜಮಾನ ಶೀನ ಕುಂದರ್, ಸಹಿಯಾದ ನಕ್ಷೆ ಇರುವಾಗ ಹೊಸ ಮೀನು ಯಾಕೆ, ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿದ. ಹಲವರಿಗೆ ಅದು ಸರಿ ಕಂಡಿತು. ಅವರಲ್ಲೇ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರು ನೆಲ ನೋಡಿದರು. ಹೌದೆನ್ನಲೂ ಆಗದೆ ಅಲ್ಲವೆನ್ನಲೂ ಆಗದೆ ಸಭೆ ಎದ್ದುಹೋಯಿತು.

ಮಾರನೆಯ ದಿನ ಹೊಳೆಗೆ ಇಳಿಯಲು ಯಾರೂ ದೋಣಿ ಕೊಡಲಿಲ್ಲ. ನೀರು ತರುವ ಚಿಕ್ಕ ದೋಣಿಯನ್ನೇ ಲಚ್ಚು ದೊಡ್ಡಮ್ಮ ಬಿಚ್ಚಿದಳು. ಅನ್ನಪೂರ್ಣಾ ಅವರು ಜೀವರಕ್ಷಕ ಕವಚ ಬಿಗಿದುಕೊಂಡು ನಡುವೆ ಕೂತರು, ದಯಾಕರ ಹುಟ್ಟು ಹಾಕಿದ. ದೊಡ್ಡಮ್ಮ ಗಾಳದ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ಹಾಗೆ ಹಲವು ದಿನ ಹೋದರು. ಸಿಕ್ಕಿದ್ದು ಏಡಿ, ಪ್ಲಾಸ್ಟಿಕ್ಕು, ಒಮ್ಮೆ ಯಾರದೋ ಚಪ್ಪಲಿ. ಪ್ರತಿ ಸಂಜೆ ಬರಿಗೈಯಲ್ಲಿ ಮರಳುವಾಗ ದಯಾಕರನಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಸಮಾಧಾನವಾದದ್ದಕ್ಕೆ ಭಯವೂ ಆಗುತ್ತಿತ್ತು. ಮೀನು ಸಿಗಲಿ ಎಂದು ಬೇಡಿಕೊಳ್ಳಬೇಕೋ ಸಿಗದಿರಲಿ ಎಂದೋ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಉಬ್ಬರ ಇಳಿಯುವ ಹೊತ್ತಿನಲ್ಲಿ ದೊಡ್ಡಮ್ಮನ ಬೆರಳಿನ ದಾರ ಬಿಗಿಯಿತು. ಅವಳು ಆತುರ ಮಾಡದೆ ಎಳೆದಳು. ಬೆಳ್ಳಗಿನ, ಗೇಣುದ್ದದ ಒಂದು ಕಲ್ಲೂರು ದೋಣಿಯ ಹಲಗೆಯ ಮೇಲೆ ಬಿದ್ದು ಗೊರಗೊರ ಸದ್ದು ಮಾಡಿತು. ಎಷ್ಟೋ ವರ್ಷದ ಮೇಲೆ ಆ ಸದ್ದು ಕೇಳಿದ ಅವಳ ಮುಖ ಒಂದು ಕ್ಷಣ ಚಿಕ್ಕ ಹುಡುಗಿಯದ್ದರಂತೆ ಅರಳಿತು, ಮರುಕ್ಷಣವೇ ಇದು ಏಕೆ ಬೇಕಾಗಿತ್ತೆಂದು ನೆನಪಾಗಿ ಬಾಡಿತು. ದಯಾಕರ ದಾರಕ್ಕೆ ಕೈ ಹಾಕಿದ. ಬಿಟ್ಟುಬಿಡೋಣವಾ ಎಂದು ಅವನು ಕೇಳಲಿಲ್ಲ, ಕೈ ಕೇಳಿತು. ಅವಳು ಆ ಕೈಯನ್ನು ಮೆಲ್ಲಗೆ ಸರಿಸಿ, ಕತ್ತಿ ತೆಗೆದುಕೊಂಡು, ಮೀನಿನ ಕಣ್ಣಿನ ಹಿಂದೆ ಒಂದೇ ಏಟಿಗೆ ತಲೆ ಸೀಳಿದಳು. ಬಿಳಿಯ ಎರಡು ಕಲ್ಲುಗಳನ್ನು ಹೊಳೆಯ ನೀರಿನಲ್ಲಿ ತೊಳೆದು ಅನ್ನಪೂರ್ಣಾ ಅವರ ಅಂಗೈಯಲ್ಲಿಟ್ಟಳು. ಅವರು ಜೀವಮಾನದಲ್ಲಿ ಮೊದಲ ಸಲ ಕೈಗವಸು ಇಲ್ಲದೆ ಮೀನಿನ ರಕ್ತ ಮುಟ್ಟಿದರು.

ಕಲ್ಲೋದುಗ ಆ ಕಲ್ಲನ್ನು ಓದಿತು. ಗೆರೆ ಮೂರು ಕಡೆ ಆಳವಾಗಿ ಕೆಳಗಿಳಿದು ಮೇಲೆದ್ದಿತ್ತು. ಮೂರು ಮಳೆಗಾಲ ಕಂಡ ಮೀನು. ಯಂತ್ರ ಹೊಸ ಪಾಠ ಕಲಿತು, ಹಳೆಯ ಕಲ್ಲುಗಳನ್ನೆಲ್ಲ ಮತ್ತೊಮ್ಮೆ ಲೆಕ್ಕ ಹಾಕಿ, ನಕ್ಷೆ ಬಿಡಿಸಿತು. ಗಾಳಿಮರದ ತೋಪಿನ ಮೇಲಿದ್ದ ನೀಲಿ ಬಣ್ಣ ಮಾಯವಾಯಿತು. ಪೂರ್ವದಿಂದ ಅಗಲವಾಗಿ ಬಂದ ಹೊಳೆ ತೊರೆಕೋಡಿಯ ನಟ್ಟನಡುವೆ ತಿರುಗಿ ಕಡಲು ಸೇರಿತು. ದಯಾಕರ ಅದರ ಮೇಲೆ ಈಗಿನ ಮನೆಗಳ ಗುರುತು ಹಾಕಿದ. ದೊಡ್ಡಮ್ಮನ ಮನೆ ಬಾಯಿಯ ನಡುವಿನಲ್ಲಿತ್ತು. ಒಂದು ಮಾರು ಆಚೀಚೆ ಇದ್ದರೂ ಏನಾದರೂ ವಾದ ಹೂಡಬಹುದಿತ್ತು.

ಅವನು ಹೋದಾಗ ಅವಳು ಜಗಲಿಯಲ್ಲಿ ಕೂತು ಹಳೆಯ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನ ಮುಖ ನೋಡಿದವಳಿಗೆ ಬಾಯಿಯ ಮಾತು ಬೇಕಾಗಲಿಲ್ಲ. ಆದರೂ ಅವನು ಹೇಳಿದ. ಮಳೆಗಾಲಕ್ಕೆ ಮೊದಲು ಎಲ್ಲರೂ ಎದ್ದು ಗುಡ್ಡದ ಬದಿಯ ಹೊಸ ಜಾಗಕ್ಕೆ ಹೋಗಬೇಕಾಗುತ್ತದೆ, ಆಮೇಲೆ ಇಲ್ಲಿ ಹೊಳೆ ಬಿಡುತ್ತಾರೆ. ಹೇಳುತ್ತಿರುವಾಗ, ತಾನು ಇವಳನ್ನು ಉಳಿಸಿದೆನೋ ಮನೆಯಿಂದ ಹೊರಹಾಕಿದೆನೋ ಎಂದು ಅವನಿಗೇ ತಿಳಿಯಲಿಲ್ಲ.

ಅವಳು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದು ಕೇಳಿದಳು.

"ಹೊಳೆ ಯಾವ ಬದಿಯಿಂದ ಬತ್ತ್ ಮಗಾ? ಮುಂದಿನ ಬಾಗ್ಲಲ್ಲಾ, ಹಿಂದಿಂದಾ?"

ಹಿಂದಿನಿಂದ ಎಂದ ಅವನು.

ಅವಳು ತಿರುಗಿ, ತೆರೆದ ಬಾಗಿಲಿನೊಳಗಿಂದ ಮನೆಯ ಹಿಂಬದಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೊರವನ್ನು ಕೆಳಗಿಟ್ಟು ಎದ್ದಳು.

"ಹಾಂಗಾರೆ ಅಡ್ಗಿಮನಿ ಮೊದ್ಲ್ ಖಾಲಿ ಮಾಡ್ಕ್. ಬಾ, ಕೈ ಕೊಡ್."